ಆಂಟಿಹಿಸ್ಟಮಿನ್: ಸೀಟಿಗೆ ಮೊದಲೇ ಟವೆಲ್ ಹಾಕುವ ಮದ್ದು

ಮೆಕ್ಕೆಜೋಳ ಒಕ್ಕುವ ಕಾಲ ಬಂತೆಂದರೆ ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ ರಸ್ತೆಯೇ ಕಣ. ಮಷೀನಿನಿಂದ ಹಾರುವ ಸುಂಕು ಬೈಕಿನವರ ಕಣ್ಣಿಗೇ ಬಂದು ಬೀಳುತ್ತದೆ. ಸಾಲದ್ದಕ್ಕೆ ಖಾಲಿ ಸೈಟುಗಳ ತುಂಬ ಹೂ ಬಿಟ್ಟು ನಿಂತ ಕಾಂಗ್ರೆಸ್ ಗಿಡ. ಆ ದಿನಗಳಲ್ಲಿ ನನಗೆ ಕಣ್ಣು ಉಜ್ಜುವುದೇ ಕೆಲಸ. ಡಾಕ್ಟರು ನೋಡಿ, 'ಇದು ಅಲರ್ಜಿ, ಆಂಟಿಹಿಸ್ಟಮಿನ್ ಡ್ರಾಪ್ಸ್ ಹಾಕಿ' ಎಂದರು. ತಲೆ ಆಡಿಸಿ ಬಂದೆ. ಪದ ಮಾತ್ರ ಅರ್ಥವಾಗಿರಲಿಲ್ಲ.

'ಆಂಟಿ' ಅಂದರೆ ವಿರುದ್ಧ. ಯಾವುದರ ವಿರುದ್ಧ? ಹಿಸ್ಟಮಿನ್ ಎಂಬ ರಾಸಾಯನಿಕದ ವಿರುದ್ಧ. ಆ ಹೆಸರಿನ ಮೊದಲ ಭಾಗ ಗ್ರೀಕಿನ 'ಹಿಸ್ಟೋಸ್'. ಮೂಲದಲ್ಲಿ ಮಗ್ಗ, ನೆಯ್ದ ಬಟ್ಟೆ ಎಂದರ್ಥ. ಆಮೇಲೆ ದೇಹದ ಅಂಗಾಂಶಕ್ಕೂ ಅದೇ ಪದ ಬಂತು. ಬಟ್ಟೆ ಗಿರಣಿಗಳಿಂದ ಹೆಸರಾದ ನಮ್ಮೂರಿನವರಿಗೆ ಇದು ನೆನಪಿಡಲು ಸುಲಭ, ಅಲ್ವಾ?

ಹಿಸ್ಟಮಿನ್ ಹೊರಗಿನಿಂದ ಬಂದ ವಿಷವಲ್ಲ, ನಮ್ಮ ದೇಹದ್ದೇ. ರೆಪ್ಪೆಯ ಒಳಪದರದಲ್ಲಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳು ಅದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಇಟ್ಟುಕೊಂಡಿರುತ್ತವೆ. ಅಲರ್ಜಿ ಇರುವವರ ಕಣ್ಣಿಗೆ ಪರಾಗ ಬಿದ್ದರೆ ಪೊಟ್ಟಣ ಒಡೆಯುತ್ತದೆ. ಹಿಸ್ಟಮಿನ್ ಕೂರಲು ಕೋಶಗಳ ಮೇಲೆ ಸೀಟಿನಂಥ ಜಾಗಗಳಿವೆ, ಅವಕ್ಕೆ ಗ್ರಾಹಕ (ರಿಸೆಪ್ಟರ್) ಎನ್ನುತ್ತಾರೆ. ಅದು ಹೋಗಿ ನರಗಳ ಮೇಲಿನ ಗ್ರಾಹಕಗಳಲ್ಲಿ ಕೂತರೆ ನವೆ. ರಕ್ತನಾಳಗಳ ಮೇಲೆ ಕೂತರೆ ಕೆಂಪು, ಊತ. ಉಜ್ಜಿದರೆ ಇನ್ನಷ್ಟು ಪೊಟ್ಟಣ ಒಡೆಯುತ್ತವೆ. ಉಜ್ಜಿದಷ್ಟೂ ಕಡಿತ ಜಾಸ್ತಿ ಆಗುವುದು ಅದಕ್ಕೇ.

ಇನ್ನು ಮದ್ದಿನ ಕೆಲಸ. ಹರಿಹರದ ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದಂತೆ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುತ್ತೇವಲ್ಲ, ಅಷ್ಟೇ. ಆಂಟಿಹಿಸ್ಟಮಿನ್ ಹೋಗಿ ಆ ಗ್ರಾಹಕದ ಸೀಟು ಹಿಡಿಯುತ್ತದೆ. ಹಿಸ್ಟಮಿನ್ ಬಂದರೂ ಕೂರಲು ಜಾಗವಿಲ್ಲ. ಇಂಥ ಮೊದಲ ಮದ್ದನ್ನು 1937ರಲ್ಲಿ ಕಂಡುಹಿಡಿದವರಲ್ಲಿ ಡೇನಿಯಲ್ ಬೋವೆ ಪ್ರಮುಖರು. ಅವರಿಗೆ 1957ರಲ್ಲಿ ನೊಬೆಲ್ ಬಂತು.

ಟವೆಲ್ ಲೆಕ್ಕ ಹಿಡಿದರೆ ಬಳಸುವ ರೀತಿಯೂ ತಾನಾಗೇ ತಿಳಿಯುತ್ತದೆ. ಒಂದೇ ಸೀಟಿಗೆ ಎರಡು ಟವೆಲ್ ಹಾಕಿ ಏನು ಲಾಭ? ಹಾಗೆಯೇ ಒಂದು ಕಣ್ಣಿಗೆ ಒಂದು ಹನಿ ಸಾಕು. ಬಾಟಲಿಯ ಒಂದೇ ಹನಿ ಕಣ್ಣಿಗೆ ಹಿಡಿಸುವುದಕ್ಕಿಂತ ದೊಡ್ಡದು, ಉಳಿದದ್ದು ಕೆನ್ನೆಗೆ ಇಳಿಯುತ್ತದೆ. ಎಷ್ಟು ಸಲ ಎನ್ನುವುದು ಮಾತ್ರ ಮದ್ದಿನ ಮೇಲೆ ಹೋಗುತ್ತದೆ. ಕೀಟೋಟಿಫೆನ್ 0.025 ಶೇಕಡ ಇದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಒಲೋಪಟಡಿನ್ 0.1 ಆದರೆ ಎರಡು ಸಲ, 0.2 ಆದರೆ ಒಂದೇ ಸಲ. ಹೆಸರು ಒಂದೇ, ಅಂಕಿ ಬೇರೆ. ಲೇಬಲ್ ಓದದೆ ಹಾಕಬೇಡಿ. ಇವೆರಡೂ ಸೀಟು ಹಿಡಿಯುವುದರ ಜೊತೆ ಪೊಟ್ಟಣ ಒಡೆಯದಂತೆಯೂ ತಡೆಯುತ್ತವೆ.

ಹಾಕುವ ಮೊದಲು ಕೈ ತೊಳೆದುಕೊಳ್ಳಿ. ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗದಂತೆ ಹನಿ ಬಿಡಿ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿದರೆ ಮದ್ದು ಗಂಟಲಿಗೆ ಇಳಿದು ಬಾಯಿ ಕಹಿಯಾಗುವುದು ತಪ್ಪುತ್ತದೆ. ಇನ್ನೊಂದು ಡ್ರಾಪ್ಸ್ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಕಾಂಟ್ಯಾಕ್ಟ್ ಲೆನ್ಸ್ ಮೊದಲೇ ತೆಗೆಯಿರಿ, ಮತ್ತೆ ಹಾಕಲು ಕಾಲು ಗಂಟೆ ಕಾಯಿರಿ. ಮದ್ದು ಕೆಡದಿರಲೆಂದು ಸೇರಿಸಿದ ಪದಾರ್ಥವನ್ನು ಮೆದು ಲೆನ್ಸ್ ಹೀರಿಕೊಳ್ಳುತ್ತದೆ. ಮುಚ್ಚಳ ತೆರೆದ ತಾರೀಕನ್ನು ಬಾಟಲಿಯ ಮೇಲೆ ಬರೆದಿಡಿ. ಸಾಮಾನ್ಯವಾಗಿ ತಿಂಗಳು ಕಳೆದರೆ ಎಸೆಯಬೇಕು. ಹೋದ ವರ್ಷದ ಅರ್ಧ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿ ಕೂತಿರುತ್ತದೆ, ನಮ್ಮನೆಯಲ್ಲೂ ಇತ್ತು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ, ಬಸುರಿಯರಾಗಿದ್ದರೆ ಡಾಕ್ಟರನ್ನು ಕೇಳಿಯೇ ಹಾಕಿ.

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ಬಾಟಲಿಗಳ ಬಗ್ಗೆ. ಮೆಡಿಕಲ್ ಶಾಪಿಗೆ ಹೋಗಿ 'ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ' ಎಂದರೆ ಕೈಗೆ ಏನು ಬರುತ್ತದೋ ಹೇಳಲಾಗದು. ಒಮ್ಮೆ ನಮ್ಮ ತಮ್ಮನ ಮಗನ ಕಣ್ಣು ನವೆಗೆ ತಂದ ಡ್ರಾಪ್ಸಿನಲ್ಲಿ ಡೆಕ್ಸಾಮೆಥಸೋನ್ ಇತ್ತು. ಅದು ಸ್ಟೀರಾಯ್ಡ್. ಎರಡೇ ದಿನದಲ್ಲಿ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಮನೆಯವರಿಗೆ ಖುಷಿಯೋ ಖುಷಿ, ಇನ್ನೊಂದು ಬಾಟಲಿ ತರಲು ಹೊರಟರು. ಸ್ಟೀರಾಯ್ಡನ್ನು ಡಾಕ್ಟರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ನಾಫಜೋಲಿನ್ ಇರುವ ಹನಿಗಳು ಹಾಗಲ್ಲ, ಅವು ರಕ್ತನಾಳವನ್ನು ಕುಗ್ಗಿಸಿ ಕೆಂಪು ಮರೆಸುತ್ತವೆ. ದಿನಗಟ್ಟಲೆ ಹಾಕಿ ಬಿಟ್ಟರೆ ಕೆಂಪು ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜಾಸ್ತಿ.

ಕೆಂಪಾದ ಕಣ್ಣೆಲ್ಲ ಅಲರ್ಜಿಯದ್ದಲ್ಲ. 'ಕಣ್ಣು ಬಂದಿದೆ' ಎನ್ನುತ್ತೇವಲ್ಲ, ಅದು ಸೋಂಕು. ಪಿಸುರು ಕಟ್ಟಿ ರೆಪ್ಪೆ ಅಂಟಿಕೊಳ್ಳುತ್ತದೆ. ಅಲರ್ಜಿಯ ಗುರುತು ನವೆ, ಅದೂ ಹೆಚ್ಚಾಗಿ ಎರಡೂ ಕಣ್ಣಿಗೆ. ಒಂದೇ ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ಚುಚ್ಚಿದರೆ, ಮಂಜಾಗಿ ಕಂಡರೆ ಹಿಸ್ಟಮಿನ್ನಿನ ಮೇಲೆ ತಪ್ಪು ಹೊರಿಸಬೇಡಿ. ಜೋಳದ ಗರಿ ಗೀಚಿಯೋ ಹೊಟ್ಟಿನ ಚೂರು ಹೊಕ್ಕೋ ಹೀಗಾಗಿದ್ದರೆ ಇನ್ನೂ ಜೋಕೆ. ಗಿಡದ ಚೂರಿನಿಂದಾದ ಗಾಯದಲ್ಲಿ ಶಿಲೀಂಧ್ರ ಬೆಳೆದು ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಬಹುದು. ಅದಕ್ಕೆ ಸ್ಟೀರಾಯ್ಡ್ ಹಾಕಿದರೆ ಬೆಂಕಿಗೆ ತುಪ್ಪ. ಕಣ ಮುಗಿಯಲಿ ಎಂದು ಕಾಯದೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.