ಹೊಸಬರ ಮಾರಾಟದ ಪೋಸ್ಟ್ ಯಾಕೆ ಉಳಿಯುವುದಿಲ್ಲ?

ಪ್ರಶ್ನೆ: ಹಳೆಯ ಕ್ಯಾಮೆರಾಗಳ ಆನ್‌ಲೈನ್ ಗುಂಪೊಂದಕ್ಕೆ ಸೇರಿದ ದಿನವೇ ನನ್ನ ಲೆನ್ಸ್ ಒಂದನ್ನು ಮಾರಾಟಕ್ಕೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಅಡ್ಮಿನ್ ತೆಗೆದುಬಿಟ್ಟರು. ವಸ್ತು ನನ್ನದೇ, ಫೋಟೋ ಕೂಡ ಚೆನ್ನಾಗಿತ್ತು. ಹೊಸಬರಿಗೆ ಯಾಕಿಷ್ಟು ಕಟ್ಟುಪಾಡು? ಏನು ಮಾಡಬೇಕು?

ಉತ್ತರ: ಅಡ್ಮಿನ್ ಕಣ್ಣಿಗೆ ನಿಮ್ಮ ಪೋಸ್ಟೂ ಮೋಸಗಾರನ ಪೋಸ್ಟೂ ಒಂದೇ ಥರ ಕಾಣುತ್ತವೆ: ಹೊಸ ಖಾತೆ, ಚೆಂದದ ಫೋಟೋ, ಆಸೆ ಹುಟ್ಟಿಸುವ ಬೆಲೆ. ಬೇರೆ ಕಡೆ ಎಂದೋ ಮಾರಾಟವಾದ ವಸ್ತುವಿನ ಫೋಟೋ ಕದ್ದು ಹಾಕಿ, ಮುಂಗಡ ಹಣ ಬಂದ ಕೂಡಲೇ ನಾಪತ್ತೆಯಾಗುವುದು ತೀರಾ ಹಳೆಯ ಆಟ. ಅದಕ್ಕೇ ಎಷ್ಟೋ ಗುಂಪುಗಳಲ್ಲಿ ಖಾತೆಗೆ ಇಂತಿಷ್ಟು ದಿನ ಆಗಿರಬೇಕು, ಇಂತಿಷ್ಟು ಬರೆದಿರಬೇಕು ಎಂಬ ಮಿತಿ ಇರುತ್ತದೆ. ಈ ಮಿತಿ ಗುಂಪಿನಿಂದ ಗುಂಪಿಗೆ ಬೇರೆ, ಹಾಗಾಗಿ ಪಿನ್ ಮಾಡಿದ ನಿಯಮಗಳನ್ನು ಮೊದಲು ಓದಿ. ಕಂಡಕಂಡಲ್ಲಿ ‘ಸೂಪರ್’ ಎಂದು ಕಾಮೆಂಟ್ ಹಾಕಿ ಲೆಕ್ಕ ತುಂಬಿಸಬೇಡಿ, ಅದು ತಕ್ಷಣ ಗೊತ್ತಾಗುತ್ತದೆ. ಅದಕ್ಕಿಂತ ಅದೇ ಗುಂಪಿನಲ್ಲಿ ಮೊದಲು ಏನಾದರೂ ಸಣ್ಣದನ್ನು ಕೊಂಡುಕೊಳ್ಳಿ. ಮಾರಿದವರು ನಿಮ್ಮ ಬಗ್ಗೆ ಬರೆಯುವ ಎರಡು ಒಳ್ಳೆಯ ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ನಿಮ್ಮ ಪೋಸ್ಟ್ ಹೋಗಿದ್ದು ಬಹುಶಃ ಫೋಟೋದಿಂದಲೇ. ಬಿಳಿ ಹಿನ್ನೆಲೆಯ ಅಂಗಡಿಯಂಥ ಚಿತ್ರಕ್ಕಿಂತ ಅವರಿಗೆ ಬೇಕಾದದ್ದು ‘ಟೈಮ್‌ಸ್ಟ್ಯಾಂಪ್’: ಒಂದು ಚೀಟಿಯಲ್ಲಿ ಖಾತೆಯ ಹೆಸರು, ಇಂದಿನ ತಾರೀಖನ್ನು ಕೈಯಲ್ಲೇ ಬರೆದು ವಸ್ತುವಿನ ಜೊತೆಗಿಟ್ಟು ತೆಗೆದ ಫೋಟೋ. ಲೆನ್ಸಿನ ಒಂದು ಅಂಚು ಚೀಟಿಯ ಮೇಲೆ ಕೂತು, ಅದರ ನೆರಳು ಕಾಗದದ ಮೇಲೆ ಬಿದ್ದಿರಲಿ. ಆಗ ಎಡಿಟ್ ಮಾಡಿ ಅಂಟಿಸಿದ್ದು ಎನ್ನುವುದು ಕಷ್ಟ. ಮೊಬೈಲಿನಲ್ಲಿ ಟೈಪ್ ಮಾಡಿದ ತಾರೀಖು ನಡೆಯುವುದಿಲ್ಲ. ಫೋಟೋದಲ್ಲಿ ಅಡಗಿರುವ ಲೊಕೇಶನ್ ಮಾಹಿತಿಯನ್ನು ಅಳಿಸಿಯೇ ಹಾಕಿ, ಮನೆ ಎಲ್ಲಿದೆ ಎಂದು ಊರಿಗೆಲ್ಲ ತಿಳಿಯಬೇಕಿಲ್ಲ.

ಇನ್ನು ವಸ್ತುವಿನ ಸ್ಥಿತಿ. ಜಗಳ ಹುಟ್ಟುವುದು ಇಲ್ಲೇ. ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯಾದ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಫಂಗಸ್. ಗಾಜಿನೊಳಗೆ ತೆಳು ಮಂಜು ಹರಡಿದ್ದರೆ ಹೇಜ್, ಅದು ಚಿತ್ರದ ಕಾಂಟ್ರಾಸ್ಟ್ ತಗ್ಗಿಸುತ್ತದೆ. ನಾಲ್ಕಾರು ಧೂಳಿನ ಕಣ ಲೆಕ್ಕಕ್ಕಿಲ್ಲ, ಆದರೂ ಬರೆಯಿರಿ. ಆ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಮಿನುಗುತ್ತಿದೆಯೇ ನೋಡಿ. ಎಣ್ಣೆ ಹತ್ತಿದ ಬ್ಲೇಡು ನಿಧಾನಕ್ಕೆ ಮುಚ್ಚುತ್ತದೆ. ಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಶಟರ್ ತೆರೆಯುವಷ್ಟರಲ್ಲಿ ಅದು ಬೇಕಾದಷ್ಟು ಮುಚ್ಚಿರದಿದ್ದರೆ ಬೆಳಕು ಹೆಚ್ಚಾಗಿ ಚಿತ್ರ ಬಿಳಿಚಿಕೊಳ್ಳುತ್ತದೆ. ಫಿಲ್ಟರ್ ಕೂರುವ ಮುಂದಿನ ರಿಂಗ್ ನೆಗ್ಗಿದ್ದರೆ ಅದರ ಫೋಟೋ ಬೇರೆಯೇ ಹಾಕಿ. ‘ಮಿಂಟ್’ (ಹೊಚ್ಚ ಹೊಸದರಂತಿದೆ) ಎಂಬ ಮಾತು ಬೇಡ. ‘ಪರೀಕ್ಷಿಸಿಲ್ಲ’ ಎಂದು ಬರೆದರೆ ಹಳಬರು ಅದನ್ನು ‘ಕೆಟ್ಟಿದೆ’ ಎಂದೇ ಓದಿಕೊಳ್ಳುತ್ತಾರೆ, ಅದು ತಪ್ಪೂ ಅಲ್ಲ.

ಬೆಲೆಯನ್ನು ಪೋಸ್ಟಿನಲ್ಲೇ ಬರೆಯಿರಿ, ಸಾಗಣೆ ಖರ್ಚು ಸೇರಿದೆಯೋ ಇಲ್ಲವೋ ಹೇಳಿ. ಬೆಲೆ ಕಟ್ಟುವಾಗ ಜನ ಕೇಳುತ್ತಿರುವ ದರ ನೋಡಬೇಡಿ, ಮಾರಾಟವಾಗಿ ಹೋದ ದರ ನೋಡಿ. ಮೊದಲು ‘ತಗೊಳ್ತೀನಿ’ ಎಂದವರಿಗೇ ಕೊಡುವುದು ವಾಡಿಕೆ. ಆಮೇಲೆ ಯಾರೋ ಹೆಚ್ಚು ಕೊಡುತ್ತೇನೆಂದರು ಎಂದು ಮಾತು ಬದಲಿಸಿದರೆ ಆ ಗುಂಪಿನಲ್ಲಿ ನಿಮ್ಮ ಹೆಸರು ಮುಗಿದಂತೆ.

ಹಣದ ವಿಷಯದಲ್ಲಿ, ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆ ಬಳಸುವ ಗುಂಪಾದರೆ, ವ್ಯಾಪಾರಕ್ಕೆಂದೇ ಇರುವ ‘ಗೂಡ್ಸ್ ಅಂಡ್ ಸರ್ವಿಸಸ್’ ಆಯ್ಕೆಗೇ ಒಪ್ಪಿಕೊಳ್ಳಿ. ಆಪ್ತರಿಗೆ ಹಣ ಕಳಿಸಲೆಂದಿರುವ ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ಯಲ್ಲಿ ಕೊಂಡವರಿಗೆ ರಕ್ಷಣೆ ಇಲ್ಲ. ಹೊಸಬರು ಅದಕ್ಕೇ ಪಟ್ಟು ಹಿಡಿದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಪೇಪಾಲ್ ಶುಲ್ಕ ಕಳೆದು ಎಷ್ಟು ಕೈಗೆ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಬೆಲೆ ನಿಗದಿ ಮಾಡಿ. ವಸ್ತುವಿಗೆ ವಸ್ತು ವಿನಿಮಯವಾದರೆ, ಹಿಂದಿನ ವ್ಯವಹಾರದ ದಾಖಲೆ ಕಡಿಮೆ ಇರುವವರೇ ಸಾಮಾನ್ಯವಾಗಿ ಮೊದಲು ಕಳಿಸಬೇಕು, ಅಂದರೆ ನೀವು.

ಮಾರುವವರಿಗೂ ಬಲೆ ಬೀಸುವವರಿದ್ದಾರೆ. ‘ಹಣ ಸಂದಾಯವಾಗಿದೆ’ ಎಂಬ ಇಮೇಲ್ ನಂಬಿ ಪಾರ್ಸೆಲ್ ಕಳಿಸಬೇಡಿ, ನಿಮ್ಮ ಖಾತೆಯನ್ನೇ ತೆರೆದು ನೋಡಿ. ‘ಹೆಚ್ಚು ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕೊಡಿ’ ಎಂದರೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ. ಪಾವತಿಯಲ್ಲಿರುವ ವಿಳಾಸ ಬಿಟ್ಟು ಬೇರೆ ಕಡೆ ಕಳಿಸಿದರೆ, ಆಮೇಲೆ ತಕರಾರು ಬಂದಾಗ ನಿಮ್ಮ ಪರ ಹೇಳುವುದು ಏನೂ ಇರುವುದಿಲ್ಲ.

ಪ್ಯಾಕ್ ಮಾಡುವ ಮುನ್ನ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಬೇರೆಯದೇ ಕೆಟ್ಟ ಲೆನ್ಸ್ ವಾಪಸ್ ಬಂದರೆ ಅದೇ ಸಾಕ್ಷಿ. ಎರಡೂ ಕಡೆ ಕ್ಯಾಪ್ ಹಾಕಿ, ಬಬಲ್ ರ‍್ಯಾಪ್ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು, ಸುತ್ತಲೂ 5 ಸೆಂ.ಮೀ.ನಷ್ಟು ಮೆತ್ತೆ ತುಂಬಿ. ಅಲ್ಲಾಡಿಸಿದಾಗ ಒಳಗೇನೂ ಕದಲಬಾರದು. ಲಿಥಿಯಂ ಬ್ಯಾಟರಿ ಇದ್ದರೆ ಕೊರಿಯರ್‌ನವರಿಗೆ ಮೊದಲೇ ಹೇಳಿ, ವಿಮಾನ ಸಾಗಣೆಯಲ್ಲಿ ಅದಕ್ಕೆ ನಿರ್ಬಂಧಗಳಿವೆ. ಟ್ರ್ಯಾಕಿಂಗ್ ನಂಬರನ್ನು ಅಂದೇ ಕಳಿಸಿ. ಒಡೆದು ತಲುಪಿದರೆ ಪೆಟ್ಟಿಗೆಯನ್ನು ಎಸೆಯದೆ ಫೋಟೋ ಸಮೇತ ಇಟ್ಟುಕೊಳ್ಳಲು ಕೊಂಡವರಿಗೆ ಹೇಳಿ. ಪರಿಹಾರ ಕೇಳಿದಾಗ ಕೊರಿಯರ್‌ನವರು ಮೊದಲು ನೋಡಬಯಸುವುದು ಅದನ್ನೇ.