ನೀಲಿ ನಾಯಿಯ ಹೆಜ್ಜೆಗುರುತು, ಮೂರು ವರ್ಷದ ಪತ್ತೇದಾರ

ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ 1996ರಲ್ಲಿ ‘ಬ್ಲೂಸ್ ಕ್ಲೂಸ್’ ಆರಂಭವಾಯಿತು. ಶಾಲೆಗೆ ಇನ್ನೂ ಸೇರದ ಮಕ್ಕಳಿಗಾಗಿ ಮಾಡಿದ ಪತ್ತೇದಾರಿ ಕಾರ್ಯಕ್ರಮವದು. ಕಳ್ಳರಿಲ್ಲ, ಕೊಲೆಯಿಲ್ಲ. ಬ್ಲೂ ಎಂಬ ನೀಲಿ ನಾಯಿಮರಿಗೆ ಏನೋ ಬೇಕಾಗಿರುತ್ತದೆ. ಮಾತು ಬಾರದ ಅದು ಮೂರು ವಸ್ತುಗಳ ಮೇಲೆ ಪಂಜದ ಗುರುತು ಒತ್ತಿ ಹೋಗುತ್ತದೆ. ಕಾರ್ಟೂನ್ ಮನೆಯೊಳಗೆ ಓಡಾಡುವ ನಿಜ ಮನುಷ್ಯ ಸ್ಟೀವ್ ಆ ಮೂರನ್ನೂ ಪುಟ್ಟ ಪುಸ್ತಕದಲ್ಲಿ ಚಿತ್ರ ಬರೆದಿಟ್ಟುಕೊಂಡು, ಯೋಚಿಸಲೆಂದೇ ಇರುವ ಕೆಂಪು ಕುರ್ಚಿಯಲ್ಲಿ ಕುಳಿತು, ಮೂರನ್ನೂ ಸೇರಿಸಿದರೆ ಏನು ಹೊಳೆಯುತ್ತದೆ ಎಂದು ಪುಟ್ಟ ವೀಕ್ಷಕರನ್ನೇ ಕೇಳುತ್ತಾನೆ. ಕೇಳಿ ಸುಮ್ಮನೆ ಕಾಯುತ್ತಾನೆ.

ಈ ಕಾಯುವಿಕೆಯೇ ಕಾರ್ಯಕ್ರಮದ ಜೀವಾಳ. ಪ್ರಶ್ನೆ ಅರ್ಥವಾಗಿ, ಉತ್ತರ ಹೊಳೆದು, ಅದು ಮಾತಾಗಿ ಹೊರಬರಲು ಮೂರು ವರ್ಷದ ಮಗುವಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಕಾರ್ಯಕ್ರಮ ರೂಪಿಸಿದವರಲ್ಲಿ ಒಬ್ಬರಾದ ಏಂಜೆಲಾ ಸ್ಯಾಂಟೊಮೆರೊ ಮಕ್ಕಳ ಮನೋವಿಜ್ಞಾನ ಓದಿದವರು. ಒಂದೇ ಕಂತನ್ನು ವಾರದ ಐದೂ ದಿನ ತೋರಿಸುವ ಪದ್ಧತಿಯೂ ಇತ್ತು. ದೊಡ್ಡವರಿಗೆ ಇದು ಬೇಸರ ತರಿಸೀತು. ಆದರೆ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ಕಂತನ್ನು ಐದು ಬಾರಿ ನೋಡಿದ ಮಕ್ಕಳಿಗೆ ಒಮ್ಮೆ ನೋಡಿದವರಿಗಿಂತ ಹೆಚ್ಚು ಅರ್ಥವಾಗಿತ್ತು. ನೋಡುತ್ತಾ ಹೋದಂತೆ ಅವರು ಪರದೆಯತ್ತ ಕೂಗಿ ಉತ್ತರ ಹೇಳುವುದೂ ಹೆಚ್ಚಾಗಿತ್ತು.

ಸ್ಟೀವ್‌ನ ಬೆನ್ನ ಹಿಂದೆಯೇ ಪಂಜದ ಗುರುತು ಇರುತ್ತದೆ, ಅವನಿಗೆ ಕಾಣುವುದಿಲ್ಲ. ಮಕ್ಕಳು ‘ಅಲ್ಲಿ, ಅಲ್ಲಿ!’ ಎಂದು ಕಿರುಚುತ್ತಾರೆ. ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ ಎಂದು ಗ್ರಹಿಸುವುದು ಸಣ್ಣ ಸಾಧನೆಯಲ್ಲ. ಮನೋವಿಜ್ಞಾನಿಗಳಾದ ಹೈನ್ಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಒಂದು ಕಥೆ ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೊಂದು ಕಪಾಟಿಗೆ ಸೇರಿಸುತ್ತಾಳೆ. ಹಿಂತಿರುಗಿದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ತೀರಾ ಚಿಕ್ಕವರು ಚಾಕೊಲೇಟ್ ಈಗಿರುವ ಜಾಗವನ್ನೇ ತೋರಿಸುತ್ತಾರೆ. ಮ್ಯಾಕ್ಸಿಯ ತಪ್ಪು ನಂಬಿಕೆಯನ್ನು ಮಕ್ಕಳು ಸಾಮಾನ್ಯವಾಗಿ ನಾಲ್ಕರ ಆಸುಪಾಸಿನಲ್ಲಿ ಹಿಡಿಯತೊಡಗುತ್ತಾರೆ. ಪತ್ತೇದಾರಿ ಕಥೆಯೆಂದರೆ ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬುದರ ಲೆಕ್ಕಾಚಾರವೇ ತಾನೆ!

ಹಾಗೆಂದು ಮಗುವನ್ನು ಟಿವಿಯ ಮುಂದೆ ಬಿಟ್ಟರೆ ಸಾಕೆಂದಲ್ಲ. ಜಾರ್ಜೀನ್ ಟ್ರೋಸೆತ್ ಮತ್ತು ಜೂಡಿ ಡಿಲೋಚ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಕ್ಕದ ಕೋಣೆಯಲ್ಲಿ ಗೊಂಬೆ ಬಚ್ಚಿಡುವುದನ್ನು ಎರಡು ವರ್ಷದ ಮಕ್ಕಳಿಗೆ ತೋರಿಸಿದರು. ಕಿಟಕಿಯಿಂದ ನೋಡಿದವರು ಹೋಗಿ ಸುಲಭವಾಗಿ ಹುಡುಕಿ ತಂದರು. ಅದನ್ನೇ ಟಿವಿ ಪರದೆಯಲ್ಲಿ ನೋಡಿದವರು ಬಹಳ ಸಲ ತಡಕಾಡಿದರು. ಕಂಡದ್ದು ಒಂದೇ; ಆದರೆ ಪರದೆಯಲ್ಲಿ ಕಂಡದ್ದನ್ನು ನಿಜದ ಕೋಣೆಗೆ ಜೋಡಿಸಿಕೊಳ್ಳುವುದು ಆ ವಯಸ್ಸಿಗೆ ಕಷ್ಟ.

ಪಕ್ಕದಲ್ಲಿ ಕುಳಿತ ಅಪ್ಪ, ಅಮ್ಮ, ಅಜ್ಜಿಯರ ಪಾತ್ರ ಇಲ್ಲಿದೆ. 2013ರ ಒಂದು ಅಧ್ಯಯನದಲ್ಲಿ ಮೂರು ವರ್ಷದ ಮಕ್ಕಳ ಪೋಷಕರಿಗೆ ಕಥೆಯ ವಿಡಿಯೊವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ಹೇಳಿಕೊಟ್ಟರು. ಎಂದಿನಂತೆ ನೋಡಿದ ಮಕ್ಕಳಿಗಿಂತ ಈ ಮಕ್ಕಳಿಗೆ ಕಥೆ ಹೆಚ್ಚು ಅರ್ಥವಾಯಿತು, ಅದರ ಹೊಸ ಪದಗಳೂ ಹೆಚ್ಚು ದಕ್ಕಿದವು.

ಪತ್ತೇದಾರಿ ಕಾರ್ಟೂನಿನಲ್ಲಿ ಇಂಥ ಪ್ರಶ್ನೆಗಳಿಗೆ ಬರವೇ ಇಲ್ಲ. 1969ರಿಂದ ಬರುತ್ತಿರುವ ‘ಸ್ಕೂಬಿ ಡೂ’ವನ್ನೇ ನೋಡಿ: ಅದರ ಹಳೆಯ ಕಂತುಗಳಲ್ಲಿ ಬೆದರಿಸುವ ದೆವ್ವ ಕೊನೆಗೆ ಮುಖವಾಡ ತೊಟ್ಟ ಮನುಷ್ಯನೇ. ಮುಖವಾಡ ಕಳಚುವ ಮೊದಲು ನಿಲ್ಲಿಸಿ, ‘ನಿನಗೆ ಯಾರ ಮೇಲೆ ಅನುಮಾನ? ಯಾಕೆ?’ ಎಂದು ಕೇಳಿ. ಕಾರ್ಟೂನು ಇಂಗ್ಲಿಷಿನದಾಗಿದ್ದರೂ ಈ ಮಾತು ಮನೆಮಾತಿನಲ್ಲೇ ನಡೆಯಲಿ. ಕಾರಣ ಹುಡುಕುವ ಮಗು ಪದಕ್ಕಾಗಿಯೂ ತಡವರಿಸಬಾರದು ಎಂಬುದು ನನ್ನ ಅಭಿಪ್ರಾಯ. ‘ಯಾಕೆ’ ಎಂಬ ಪ್ರಶ್ನೆಯನ್ನಂತೂ ಬಿಡಬೇಡಿ. ‘ಆ ತೋಟದವನು’ ಎಂದಷ್ಟೇ ಹೇಳುವ ಮಗು ಊಹಿಸುತ್ತಿದೆ. ‘ಅವನ ಬೂಟಿಗೂ ಕೆಸರಿತ್ತು’ ಎನ್ನುವ ಮಗು ಸಾಕ್ಷ್ಯ ಒದಗಿಸುತ್ತಿದೆ. ಉತ್ತರ ಬರುವವರೆಗೆ ರಿಮೋಟ್ ನಿಮ್ಮ ಕೈಯಲ್ಲೇ ಇರಲಿ.