ಕಾರ್ಡ್‌ಲೆಸ್ ಡ್ರಿಲ್: ಯಾವ ಕಂಪನಿಯದು ಕೊಳ್ಳಲಿ?

ಓದುಗರ ಪ್ರಶ್ನೆ: ಹೊಸ ಮನೆಗೆ ಬಂದಿದ್ದೇವೆ. ಪರದೆಯ ಕಂಬಿ, ಕಪಾಟು, ಕನ್ನಡಿ ಕೂರಿಸುವಂಥ ಕೆಲಸಗಳನ್ನು ನಾನೇ ಮಾಡಿಕೊಳ್ಳುವ ಆಸೆ. ಬಾಷ್, ಮಕಿಟಾ, ಡಿವಾಲ್ಟ್ ಇವುಗಳಲ್ಲಿ ಯಾವ ಕಾರ್ಡ್‌ಲೆಸ್ ಡ್ರಿಲ್ ಒಳ್ಳೆಯದು? ಆನ್‌ಲೈನಿನಲ್ಲಿ ಹೆಸರೇ ಕೇಳದ ಕಂಪನಿಯ ‘48 ವೋಲ್ಟ್’ ಡ್ರಿಲ್ ಅರ್ಧ ಬೆಲೆಗೆ ಸಿಗುತ್ತಿದೆ. ಅದಕ್ಕೆ ಇವೆಲ್ಲಕ್ಕಿಂತ ಹೆಚ್ಚು ಬಲ ಇರಬೇಕಲ್ಲವೇ?

ಉತ್ತರ: ಇಲ್ಲ. ಮೊದಲು ಆ 48ರ ಲೆಕ್ಕ ಮುಗಿಸೋಣ. ಡ್ರಿಲ್ಲಿನ ಬ್ಯಾಟರಿ ಬಿಚ್ಚಿದರೆ ಒಳಗೆ ಹೆಬ್ಬೆರಳು ಗಾತ್ರದ ಲಿಥಿಯಂ ಸೆಲ್ಲುಗಳಿರುತ್ತವೆ. ಒಂದೊಂದರದು ಸುಮಾರು 3.6 ವೋಲ್ಟ್. ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ಲೂ 4.2ರವರೆಗೆ ಏರುತ್ತದೆ, ಆಗ ಅದೇ ಐದು ಸೆಲ್ಲು 21 ತೋರಿಸುತ್ತದೆ. ಹಾಗಾಗಿ ಒಬ್ಬರು 18 ಎಂದೂ ಇನ್ನೊಬ್ಬರು 20 ಎಂದೂ ಮತ್ತೊಬ್ಬರು 21 ಎಂದೂ ಬರೆದರೆ ಮೂವರೂ ಹೇಳುತ್ತಿರುವುದು ಒಂದೇ ಬ್ಯಾಟರಿಯ ಮಾತು. ಮೂರು ಸೆಲ್ಲಿನ ಚಿಕ್ಕ ಡ್ರಿಲ್ಲಿಗೆ 10.8 ಮತ್ತು 12 ಎಂಬ ಎರಡು ಹೆಸರಿರುವುದೂ ಹೀಗೆಯೇ. ನಿಜವಾದ 48 ವೋಲ್ಟ್ ಬೇಕಾದರೆ ಹದಿಮೂರು ಸೆಲ್ಲುಗಳನ್ನು ಸಾಲಾಗಿ ಕೂರಿಸಬೇಕು; ಅಂಗೈಯಗಲದ ಆ ಡಬ್ಬಿಯಲ್ಲಿ ಅಷ್ಟಕ್ಕೆ ಜಾಗವೇ ಇಲ್ಲ. ಅಂಥದ್ದೊಂದು ಡಬ್ಬಿಯನ್ನು ನಾನೇ ಬಿಚ್ಚಿ ನೋಡಿದ್ದೇನೆ. ಒಳಗಿದ್ದದ್ದು ಐದೇ ಸೆಲ್ಲು. ಮೊದಲ ಅಂಕಿಯಲ್ಲೇ ಸುಳ್ಳು ಹೇಳುವವರ ಸರಕನ್ನು ಮನೆಯೊಳಗೆ ಚಾರ್ಜಿಗೆ ಹಾಕಿ ಮಲಗುವ ಧೈರ್ಯ ನನಗಿಲ್ಲ, ನಿಮಗೂ ಬೇಡ.

ಬ್ಯಾಟರಿಯ ಮೇಲೆ ನಿಜವಾಗಿ ನೋಡಬೇಕಾದ ಇನ್ನೊಂದು ಅಂಕಿ ಆಂಪಿಯರ್ ಅವರ್ (Ah), ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿದಿಡುತ್ತದೆ ಎಂಬುದರ ಅಳತೆ. ಎರಡು ಇದ್ದರೆ ಮನೆಗೆಲಸಕ್ಕೆ ಸಾಕು. ನಾಲ್ಕು ಇದ್ದರೆ ಹೆಚ್ಚು ಹೊತ್ತು ಬರುತ್ತದೆ, ತೂಕವೂ ಹೆಚ್ಚು. ಏಣಿ ಹತ್ತಿ ತಲೆಯ ಮೇಲೆ ಕೈಯೆತ್ತಿ ಕೆಲಸ ಮಾಡುವಾಗ ಆ ತೂಕ ಚೆನ್ನಾಗಿಯೇ ತಿಳಿಯುತ್ತದೆ.

ಈಗ ಕಂಪನಿಗಳ ವಿಷಯ. ನೀವು ಹೆಸರಿಸಿದ ಮೂರೂ ಹಳೆಯ, ನಂಬಬಹುದಾದ ಕಂಪನಿಗಳು. ಸಮಾನ ಬೆಲೆಯ ಮೂರು ಡ್ರಿಲ್ಲುಗಳನ್ನು ಕಣ್ಣುಕಟ್ಟಿ ಕೈಗೆ ಕೊಟ್ಟರೆ ಪ್ಲೈವುಡ್ಡಿಗೆ ಸ್ಕ್ರೂ ಹೊಡೆಯುವಾಗ ವ್ಯತ್ಯಾಸ ಹೇಳುವುದು ನನಗೆ ಕಷ್ಟ. ವ್ಯತ್ಯಾಸ ಕಾಣಿಸಿಕೊಳ್ಳುವುದು ಮೂರು ನಾಲ್ಕು ವರ್ಷಗಳ ಮೇಲೆ, ಬ್ಯಾಟರಿ ಸೊರಗಿದಾಗ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಬ್ಯಾಟರಿಯ ಬೆಲೆಯೋ, ಡ್ರಿಲ್ಲಿನ ಬೆಲೆಯ ಹತ್ತಿರಕ್ಕೇ ಹೋಗುವುದುಂಟು. ನನ್ನ ಮೊದಲ ಡ್ರಿಲ್ ಇಂದಿಗೂ ಸರಿಯಾಗಿದೆ, ಮೋಟಾರಿಗೆ ಏನೂ ಆಗಿಲ್ಲ. ಆದರೆ ಅದರ ಬ್ಯಾಟರಿಯ ಮಾದರಿಯನ್ನು ಕಂಪನಿ ನಿಲ್ಲಿಸಿ ವರ್ಷಗಳಾದವು. ಅದು ಅಟ್ಟದ ಮೇಲಿದೆ. ಆ ಬೇಸರದಿಂದಲೇ ಈ ಮಾತನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆದ್ದರಿಂದ ಒಂದು ಬ್ಯಾಟರಿಯ ಮಾದರಿ ಎಷ್ಟು ಕಾಲದಿಂದ ಉಳಿದಿದೆ, ಎಷ್ಟು ಉಪಕರಣಗಳಿಗೆ ಹೊಂದುತ್ತದೆ ಎಂಬುದೇ ನಿಜವಾದ ಹೋಲಿಕೆ. ಮಕಿಟಾದ 18 ವೋಲ್ಟಿನ ಎಲ್‌ಎಕ್ಸ್‌ಟಿ ಬ್ಯಾಟರಿ 2005ರಲ್ಲಿ ಬಂದದ್ದು, ಇಂದಿಗೂ ಅದೇ ಆಕಾರ. ಗ್ರೈಂಡರ್, ಗರಗಸ, ಬ್ಲೋವರ್ ಎಲ್ಲಕ್ಕೂ ಅದೇ. ಹಿಟಾಚಿ ಎಂದು ನಮ್ಮ ಬಡಗಿಗಳು ನೆಚ್ಚಿಕೊಂಡಿದ್ದ ಉಪಕರಣಗಳ ಹೆಸರು 2018ರಲ್ಲಿ ಹಿಕೋಕಿ ಎಂದು ಬದಲಾಯಿತು. ಹೆಸರು ಹೋದರೂ ಬ್ಯಾಟರಿ ಕೂರುವ ಜಾಗ ಉಳಿಯಿತು.

ಒಂದೇ ಕಂಪನಿಯೊಳಗೂ ಎಚ್ಚರ ಬೇಕು. ಬಾಷ್‌ನಲ್ಲಿ ನೀಲಿ ಬಣ್ಣದ್ದು ವೃತ್ತಿಪರರಿಗೆ, ಹಸಿರು ಮನೆಬಳಕೆಗೆ. ಎರಡೂ 18 ವೋಲ್ಟೇ ಆದರೂ ಒಂದರ ಬ್ಯಾಟರಿ ಇನ್ನೊಂದಕ್ಕೆ ಆಗುವುದಿಲ್ಲ. ಮಕಿಟಾದ ಅಗ್ಗದ ಜಿ ಸರಣಿಯ ಬ್ಯಾಟರಿ ಎಲ್‌ಎಕ್ಸ್‌ಟಿ ಯಂತ್ರಗಳಿಗೆ ಹೊಂದುವುದಿಲ್ಲ. ಡಿವಾಲ್ಟ್, ಸ್ಟ್ಯಾನ್ಲಿ, ಬ್ಲ್ಯಾಕ್ ಅಂಡ್ ಡೆಕರ್ ಮೂರಕ್ಕೂ ಒಡೆಯರು ಒಬ್ಬರೇ. ಬ್ಯಾಟರಿಗಳು ಮಾತ್ರ ಬೇರೆ ಬೇರೆ. ಪೆಟ್ಟಿಗೆಯ ಮೇಲೆ ‘ಸೋಲೋ’ ಎಂದಿದ್ದರೆ ಒಳಗೆ ಬ್ಯಾಟರಿಯಾಗಲಿ ಚಾರ್ಜರಾಗಲಿ ಇಲ್ಲವೆಂದೇ ಅರ್ಥ. ಅಗ್ಗವಾಯಿತೆಂದು ತಂದು ಕೈಕೈ ಹಿಸುಕಿಕೊಂಡವರನ್ನು ಕಂಡಿದ್ದೇನೆ.

ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ತರಿಸುವ ಯೋಚನೆಯಿದ್ದರೆ ಒಂದು ಮಾತು. ಅಲ್ಲಿನ ಚಾರ್ಜರ್ 120 ವೋಲ್ಟಿನದು, ಇಲ್ಲಿನ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಬಿಡಿ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲೇ ತರಬೇಕು, ಡ್ರಿಲ್ ಮಾತ್ರ ದೊಡ್ಡ ಸಾಮಾನಿನಲ್ಲಿ.

ಇನ್ನು ನಿಮ್ಮ ಗೋಡೆ. ಇದನ್ನು ನೀವು ಬರೆದಿಲ್ಲ, ಆದರೆ ಕಂಪನಿಗಿಂತ ಇದೇ ಮುಖ್ಯ. ಇಟ್ಟಿಗೆ ಗೋಡೆಗೆ, ಕರಾವಳಿಯ ಮುರಕಲ್ಲಿಗೆ 18 ವೋಲ್ಟಿನ ಇಂಪ್ಯಾಕ್ಟ್ ಡ್ರಿಲ್ ಧಾರಾಳವಾಗಿ ಸಾಕು. ಪರದೆಯ ಕಂಬಿ ಬರುವುದು ಕಿಟಕಿಯ ಮೇಲೆ, ಅಲ್ಲಿರುವುದು ಕಾಂಕ್ರೀಟಿನ ಲಿಂಟಲ್. ಅಲ್ಲಿ ಒಂದೆರಡು ತೂತಿಗೇ ಕೈ ಸೋಲುತ್ತದೆ. ಹಳೆಯ ಬೆಂಗಳೂರಿನ, ಕೋಲಾರದ ಕಡೆಯ ಸೈಜುಗಲ್ಲಿನ ಗೋಡೆಯಂತೂ ಜಗ್ಗುವುದೇ ಇಲ್ಲ. ಇಂಪ್ಯಾಕ್ಟ್ ಡ್ರಿಲ್ಲಿನೊಳಗೆ ಎರಡು ಹಲ್ಲಿನ ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಬಿಟ್ಟನ್ನು (ತೂತು ಕೊರೆಯುವ ಮೊನೆಯ ಸಲಾಕೆಯನ್ನು) ನಡುಗಿಸುತ್ತವೆ, ಅಷ್ಟೇ. ಬಲವನ್ನು ನಿಮ್ಮ ತೋಳೇ ಕೊಡಬೇಕು. ರೋಟರಿ ಹ್ಯಾಮರ್ ಎಂಬ ಬೇರೆಯೇ ಯಂತ್ರದಲ್ಲಿ ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆಯೊಂದು ಬಿಟ್ಟಿನ ಬೆನ್ನಿಗೆ ನಿಜವಾಗಿಯೇ ಬಡಿಯುತ್ತದೆ. ಲಿಂಟಲ್ಲಿಗೆ ಬೇಕಾದದ್ದು ಅದು, ಅದಕ್ಕೆಂದೇ ಬುಡದಲ್ಲಿ ಗಾಡಿಯಿರುವ ‘ಎಸ್‌ಡಿಎಸ್ ಪ್ಲಸ್’ ಬಿಟ್ಟಿನೊಂದಿಗೆ. ಕರೆಂಟಿಗೆ ಚುಚ್ಚುವ ತಂತಿಯ ಹ್ಯಾಮರನ್ನು ಒಂದು ದಿನಕ್ಕೆ ಬಾಡಿಗೆಗೆ ತಂದು ಮನೆಯ ಎಲ್ಲ ಕಾಂಕ್ರೀಟ್ ತೂತುಗಳನ್ನೂ ಕೊರೆದುಬಿಡಿ.

ಬ್ರಶ್‌ಲೆಸ್, ಅಂದರೆ ಕಾರ್ಬನ್ ಬ್ರಶ್ ಇಲ್ಲದ ಮೋಟಾರ್ ಬೇಕೇ? ದಿನವೂ ದುಡಿಸುವವರಿಗೆ ಖಂಡಿತ ಬೇಕು. ಕಾರ್ಬನ್ ಸವೆಯುವ ತೊಂದರೆಯಿಲ್ಲ, ಚಾರ್ಜೂ ಹೆಚ್ಚು ಹೊತ್ತು ನಿಲ್ಲುತ್ತದೆ. ತಿಂಗಳಿಗೊಮ್ಮೆ ಕೈಗೆತ್ತಿಕೊಳ್ಳುವವರು ಆ ಹಣವನ್ನು ಒಳ್ಳೆಯ ಬಿಟ್ಟುಗಳಿಗೆ ಹಾಕಲಿ.

ನಾನಾಗಿದ್ದರೆ ನಿಮ್ಮ ಕೆಲಸಕ್ಕೆ ನೀಲಿ ಬಾಷ್‌ನ 18 ವೋಲ್ಟಿನ ಇಂಪ್ಯಾಕ್ಟ್ ಡ್ರಿಲ್ಲನ್ನು, ಎರಡು ಬ್ಯಾಟರಿ ಇರುವ ಪೆಟ್ಟಿಗೆಯಲ್ಲೇ ಕೊಳ್ಳುತ್ತಿದ್ದೆ. ನಾನು ಓಡಾಡಿದ ತಾಲ್ಲೂಕು ಕೇಂದ್ರಗಳಲ್ಲೂ ಅದರ ಬಿಡಿಭಾಗ ಸಿಕ್ಕಿದೆ ಎಂಬುದು ಮುಖ್ಯ ಕಾರಣ. ಮುಂದೆ ಮರಗೆಲಸವನ್ನೇ ಹವ್ಯಾಸ ಮಾಡಿಕೊಂಡು ಗರಗಸ, ರೌಟರ್ ಎಂದು ಬೆಳೆಸುವವರಾದರೆ ಮಕಿಟಾ ಎಲ್‌ಎಕ್ಸ್‌ಟಿ. ಡಿವಾಲ್ಟ್ ಡ್ರಿಲ್ಲಿನಲ್ಲಿ ಕೊರತೆಯೇನಿಲ್ಲ. ನಿಮ್ಮ ಊರಿನಲ್ಲಿ ಅದರ ಸರ್ವಿಸ್ ಕೇಂದ್ರ ಹತ್ತಿರವಿದ್ದರೆ ಅದನ್ನೇ ತೆಗೆದುಕೊಳ್ಳಿ. ಅಂಗಡಿಗೆ ಹೋದಾಗ ಡ್ರಿಲ್ ಕೇಳುವ ಮೊದಲು, “ಇದರ ಬ್ಯಾಟರಿ ಒಂದನ್ನೇ ಕೊಡುತ್ತೀರಾ, ಬೆಲೆ ಎಷ್ಟು?” ಎಂದು ಕೇಳಿ. ಅಂಗಡಿಯವರು ಹಿಂದಿನ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರೆ ಆ ಡ್ರಿಲ್ಲನ್ನು ಕೊಳ್ಳಬಹುದು.